ಚಿಲಕದ ಮಾತು ನಡಾವಳಿಗೆ ಬರಬೇಕು

"ನಮ್ ಸಾಲ್ಯಾಗ ಹುಡುಗ್ಯಾರ ಸಂಡಾಸದ ಬಾಗಲಕ್ಕ ಚಿಲಕಾನ ಇಲ್ರೀ ಸರ."

ಉತ್ತರ ಕರ್ನಾಟಕದ ಯಾವುದಾದರೂ ಊರಿನ ಮಕ್ಕಳ ಗ್ರಾಮ ಸಭೆಗೆ ಹೋಗಿ ಕೂತರೆ ಈ ಮಾತೋ ಇಂಥದೇ ಇನ್ನೊಂದು ಮಾತೋ ಕಿವಿಗೆ ಬೀಳದೆ ಇರುವುದಿಲ್ಲ. ವೇದಿಕೆಯ ಮೇಲಿನ ಹಿರಿಯರು ಮುಗುಳ್ನಗುತ್ತಾರೆ. ಹುಡುಗಿ ಧೈರ್ಯವಾಗಿ ಮಾತಾಡಿದಳೆಂದು ಚಪ್ಪಾಳೆ ಬೀಳುತ್ತದೆ, ಮೈಕು ಮುಂದಿನವರ ಕೈಗೆ ಹೋಗುತ್ತದೆ. ಅವಳು ಹೇಳಿದ್ದು ಆರೋಗ್ಯ ಇಲಾಖೆಯವರು ಕೂಡಲೇ ಬರೆದುಕೊಳ್ಳಬೇಕಾದ ಸಂಗತಿ ಎಂಬುದು ಆ ಸದ್ದಿನಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಚಿಲಕವಿಲ್ಲದ ಬಾಗಿಲಿಗೆ ಗೆಳತಿಯೊಬ್ಬಳು ಹೊರಗೆ ಕಾವಲು ನಿಲ್ಲಬೇಕು. ಬಿಡುವು ಇರುವುದೇ ಹತ್ತು ನಿಮಿಷ, ಹುಡುಗಿಯರು ಐವತ್ತು ಜನ. ಹೀಗಾಗಿ ಹೆಚ್ಚಿನವರು ಒಂದು ಉಪಾಯ ಕಂಡುಕೊಂಡಿರುತ್ತಾರೆ: ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಮನೆಯಿಂದ ತುಂಬಿಸಿಕೊಂಡು ಬಂದ ಬಾಟಲಿ ಸಂಜೆ ಹಾಗೇ ವಾಪಸ್ಸು ಹೋಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಏಳೆಂಟು ತಾಸು ನೀರಿಲ್ಲದೆ ಕೂತ ಹುಡುಗಿಗೆ ತಲೆನೋವು ಬರುತ್ತದೆ, ಉರಿಮೂತ್ರ ಬರುತ್ತದೆ, ಮೂತ್ರನಾಳದ ಸೋಂಕು ಮತ್ತೆ ಮತ್ತೆ ಕಾಡುತ್ತದೆ. ಮುಟ್ಟಿನ ದಿನಗಳಲ್ಲಂತೂ ಪ್ಯಾಡ್ ಬದಲಿಸಲು ಜಾಗವಿಲ್ಲದೆ ಶಾಲೆಯನ್ನೇ ತಪ್ಪಿಸುತ್ತಾಳೆ. ಸರ್ಕಾರದ 'ಶುಚಿ' ಯೋಜನೆಯಡಿ ಪ್ಯಾಡಿನ ಪೊಟ್ಟಣ ಕೊಡುತ್ತಾರೆ ನಿಜ. ನಡುವೆ ಕೆಲವು ವರ್ಷ ನಿಂತುಹೋಗಿದ್ದು ಮತ್ತೆ ಶುರುವಾಗಿದೆ. ಆದರೆ ಪೊಟ್ಟಣ ಬಿಚ್ಚಲು ಒಂದು ಮುಚ್ಚಿದ ಬಾಗಿಲು ಬೇಕು, ಬಳಸಿದ್ದನ್ನು ಹಾಕಲು ಮುಚ್ಚಳವಿರುವ ಡಬ್ಬಿ ಬೇಕು, ಕೈ ತೊಳೆಯಲು ನಲ್ಲಿಯಲ್ಲಿ ನೀರು ಬೇಕು. ಇವುಗಳಲ್ಲಿ ಒಂದೂ ಬೆಂಗಳೂರಿನಿಂದ ಬರುವಂಥದ್ದಲ್ಲ. ಚಿಲಕ, ಡಬ್ಬಿ, ನಲ್ಲಿ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತವೆ.

ಹದಿಹರೆಯದವರ ಆರೋಗ್ಯ, ಸುರಕ್ಷತೆ ಎಂದ ಕೂಡಲೇ ನಮ್ಮ ಬಾಯಿಗೆ ಬರುವುದು ಯೋಜನೆಗಳ ಹೆಸರು. ಹೆಸರುಗಳಿಗೇನೂ ಬರವಿಲ್ಲ. ಕೇಂದ್ರದ 'ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ' 2014ರ ಜನವರಿಯಲ್ಲೇ ಬಂತು. ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ 'ಸ್ನೇಹ ಕ್ಲಿನಿಕ್'ಗಳಿವೆ. ಆದರೆ ಹದಿನಾಲ್ಕರ ಹುಡುಗಿಯೋ ಹದಿನೇಳರ ಹುಡುಗನೋ ದಿನ ಕಳೆಯುವುದು ಯೋಜನೆಯೊಳಗಲ್ಲ, ಮನೆಯಿಂದ ಶಾಲೆಗೆ ಹೋಗುವ ಮೂರ್ನಾಲ್ಕು ಕಿಲೋಮೀಟರಿನೊಳಗೆ. ಅಷ್ಟರೊಳಗೇ ಅವರ ಹಳ್ಳ, ಬಸ್‌ಸ್ಟಾಪು, ಗುಟ್ಕಾ ಅಂಗಡಿ, ಮೈದಾನ ಎಲ್ಲವೂ ಇರುತ್ತವೆ. ಅಷ್ಟು ನೆಲದ ಮೇಲೆ ಅಧಿಕಾರ ಇರುವ ಸರ್ಕಾರ ಒಂದೇ, ಗ್ರಾಮ ಪಂಚಾಯಿತಿ. ಆ ಪಂಚಾಯಿತಿಯನ್ನು ಮಕ್ಕಳು ವರ್ಷಕ್ಕೊಮ್ಮೆಯಾದರೂ ನೇರವಾಗಿ ಪ್ರಶ್ನಿಸುವ ವ್ಯವಸ್ಥೆ ಕರ್ನಾಟಕದಲ್ಲಿ ಆಗಲೇ ಇದೆ. ಇದ್ದೂ ನಾವು ಅದನ್ನು ಶಾಲಾ ವಾರ್ಷಿಕೋತ್ಸವದ ಮಟ್ಟಕ್ಕೆ ಇಳಿಸಿಬಿಟ್ಟಿದ್ದೇವೆ ಎಂಬುದು ನನ್ನ ತಕರಾರು.

ಈ ವ್ಯವಸ್ಥೆಯ ಬೇರು ಕುಂದಾಪುರದ ಕಡೆಗಿದೆ. 1990ರ ಹೊತ್ತಿಗೆ ದುಡಿಯುವ ಮಕ್ಕಳು ತಮ್ಮದೇ ಸಂಘ ಕಟ್ಟಿಕೊಂಡರು, ಹೆಸರು 'ಭೀಮ ಸಂಘ'. ಅವರ ಜೊತೆ ಕೆಲಸ ಮಾಡುತ್ತಿದ್ದದ್ದು 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಎಂಬ ಸಂಸ್ಥೆ. 1993ರ ಪಂಚಾಯತ್ ರಾಜ್ ಕಾಯ್ದೆ ಬಂದು ಗ್ರಾಮ ಪಂಚಾಯಿತಿಗಳಿಗೆ ಜೀವ ಬಂದಾಗ, ಕೆರಾಡಿಯಂಥ ಊರುಗಳಲ್ಲಿ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. ಮಕ್ಕಳೇ ಮತ ಹಾಕಿ, ಮಕ್ಕಳೇ ಗೆದ್ದು, ಊರಿನ ತೊಂದರೆಗಳ ಪಟ್ಟಿ ಮಾಡಿ ದೊಡ್ಡವರ ಪಂಚಾಯಿತಿಯ ಮುಂದಿಡುವ ಪದ್ಧತಿ ಅದು. ಮಕ್ಕಳಿಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲೂ ಅವರ ಮಾತಿಗೆ ಬೆಲೆ ಕೊಡಬೇಕು ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿತು. ಆ ವಿಧಿಯನ್ನು ಓದಿಯೂ ಇರದ ಮಕ್ಕಳು ಅದನ್ನು ನಡೆಸಿ ತೋರಿಸಿದ್ದರು. ಮುಂದೆ 2006ರಲ್ಲಿ ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿ, ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆಯಾದರೂ ಮಕ್ಕಳ ಗ್ರಾಮ ಸಭೆ ನಡೆಸಬೇಕೆಂದು ಹೇಳಿತು. ಈಗ ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯ ನಡುವೆ, ರಾಜ್ಯದ ಸುಮಾರು ಆರು ಸಾವಿರ ಪಂಚಾಯಿತಿಗಳಲ್ಲಿ ಈ ಸಭೆಗಳು ನಡೆಯುತ್ತವೆ.

ನಡೆಯುತ್ತವೆ ಎಂದರೆ ಹೇಗೆ? ಶಾಮಿಯಾನ, ಹೂಗುಚ್ಛ, ಪ್ರಾರ್ಥನೆ, ಸ್ವಾಗತ, ಶಾಲು. ಅಧ್ಯಕ್ಷರ ಭಾಷಣ, ಉಪಾಧ್ಯಕ್ಷರ ಭಾಷಣ, ಬಂದ ಪ್ರತಿ ಇಲಾಖೆಯವರದ್ದೂ 'ಎರಡು ಮಾತು'. ಬಿಸಿಲಿನಲ್ಲಿ ನೆಲದ ಮೇಲೆ ಕೂತ ಮಕ್ಕಳಿಗೆ ಸರದಿ ಬರುವ ಹೊತ್ತಿಗೆ ಊಟದ ಗಂಟೆ ಆಗಿರುತ್ತದೆ. ಇನ್ನು ಕೆಲವು ಕಡೆ ಯಾರು ಯಾವ ಪ್ರಶ್ನೆ ಕೇಳಬೇಕೆಂದು ಹಿಂದಿನ ದಿನವೇ ಚೀಟಿಯಲ್ಲಿ ಬರೆದುಕೊಟ್ಟಿರುತ್ತಾರೆ. ಶಾಲೆಯ ಮಾನ ಹೋಗುವಂಥ ಪ್ರಶ್ನೆ ಆ ಚೀಟಿಯಲ್ಲಿ ಇರುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಬ್ಬರು ಮನಸ್ಸು ಮಾಡಿದರೆ ಅದೇ ಸಭೆಯ ಬಣ್ಣ ಬದಲಾಗುವುದೂ ಉಂಟು. ಮೊದಲೇ ಶಾಲೆಗಳಲ್ಲಿ ಡಬ್ಬಿ ಇಟ್ಟು, ಹೆಸರಿಲ್ಲದ ಚೀಟಿಗಳನ್ನು ಹಾಕಿಸಿಕೊಂಡು, ಅವನ್ನು ಇಲಾಖೆವಾರು ವಿಂಗಡಿಸಿ, ಸಭೆಯ ದಿನ ಆಯಾ ಇಲಾಖೆಯವರನ್ನು ಎಬ್ಬಿಸಿ ನಿಲ್ಲಿಸಿ ಅವರಿಂದಲೇ ಉತ್ತರ ಹೇಳಿಸುತ್ತಾರೆ. ಯಾವ ಕೆಲಸ, ಯಾರ ಹೊಣೆ, ಯಾವ ತಿಂಗಳೊಳಗೆ ಎಂದು ನಡಾವಳಿ ಪುಸ್ತಕಕ್ಕೆ ಏರಿಸುತ್ತಾರೆ. ಒಮ್ಮೆ ನಡಾವಳಿಗೆ ಬಂದ ಮಾತಿಗೆ ಬೇರೆಯೇ ತೂಕ. ಲೆಕ್ಕ ತಪಾಸಣೆಯವರು ನೋಡುತ್ತಾರೆ, ಎದುರು ಗುಂಪಿನ ಸದಸ್ಯರು ನೋಡುತ್ತಾರೆ, ಮಾಹಿತಿ ಹಕ್ಕಿನಲ್ಲಿ ಯಾರು ಬೇಕಾದರೂ ನಕಲು ಕೇಳಬಹುದು.

ದುಡ್ಡಿಲ್ಲ ಎಂಬ ನೆಪ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕೆಂದು ನಿಯಮ ಇಟ್ಟಿದ್ದರು. ನರೇಗಾದಲ್ಲಿ ಶಾಲಾ ಕಾಂಪೌಂಡು, ಆಟದ ಮೈದಾನ, ಅಡುಗೆ ಕೋಣೆ, ಶೌಚಾಲಯಗಳನ್ನು ಕಟ್ಟಿಸಿಕೊಂಡ ಪಂಚಾಯಿತಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಚಿಲಕಕ್ಕೆ ಕ್ರಿಯಾಯೋಜನೆ ಬೇಕೇ ಎಂದು ಯಾರಾದರೂ ಕೇಳಿದರೆ ಅವರ ಮುಖ ನೋಡಿ ಸುಮ್ಮನಿರುವುದೇ ಮೇಲು.

ಇನ್ನು ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆಯ ಕಥೆಗೆ ಬರೋಣ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮೇಲಿನಿಂದ ಬಂದ ಒಳ್ಳೆಯ ಯೋಜನೆಯೊಂದು ತರಗತಿಯ ಬಾಗಿಲಲ್ಲಿ ಎಡವಿ ಬೀಳುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಿಕ್ಕಿಲ್ಲ.

ನಮ್ಮ ಹದಿಹರೆಯದವರ ರಕ್ತ ತೆಳುವಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು, ಹುಡುಗರಲ್ಲಿ ಶೇ 31ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8. ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಮಿಗಿಂತ ಕಡಿಮೆಯಾದರೆ ಹುಡುಗಿಯ ಮಟ್ಟಿಗೆ ಅದು ರಕ್ತಹೀನತೆ. ಮೈ ಬೆಳೆಯುವ ವೇಗಕ್ಕೆ ಕಬ್ಬಿಣಾಂಶ ಸಾಲದು, ಮುಟ್ಟಿನಲ್ಲಿ ಇದ್ದದ್ದೂ ಹೋಗುತ್ತದೆ. ಬರಿಗಾಲಲ್ಲಿ ಬಯಲಿಗೆ ಹೋದರೆ ಅಂಗಾಲಿನ ಚರ್ಮದಿಂದಲೇ ಒಳಹೊಗುವ ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ಮಿಕ್ಕದ್ದನ್ನು ಹೀರುತ್ತದೆ. ಇಂಥ ಹುಡುಗಿ ಮಧ್ಯಾಹ್ನದ ಗಣಿತದ ಪಾಠದಲ್ಲಿ ತೂಕಡಿಸುತ್ತಾಳೆ. ಮೇಷ್ಟ್ರು ಸೋಮಾರಿ ಅನ್ನುತ್ತಾರೆ, ಮನೆಯಲ್ಲಿ ರಾತ್ರಿ ಮೊಬೈಲು ನೋಡಿದ್ದು ಜಾಸ್ತಿಯಾಯಿತು ಅನ್ನುತ್ತಾರೆ.

ಇದಕ್ಕೆ ಮದ್ದಾಗಿ 10ರಿಂದ 19 ವರ್ಷದವರಿಗೆ ವಾರಕ್ಕೊಂದು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ನೀಲಿ ಮಾತ್ರೆ ಕೊಡುವ ಕಾರ್ಯಕ್ರಮ 2012-13ರಲ್ಲಿ ದೇಶದಾದ್ಯಂತ ಶುರುವಾಯಿತು. ಚಿಕ್ಕ ಮಕ್ಕಳದ್ದು ಗುಲಾಬಿ ಬಣ್ಣ. ಮೊದಲು ನೀಲಿ ಮಾತ್ರೆಯಲ್ಲಿ 100 ಮಿಲಿಗ್ರಾಂ ಕಬ್ಬಿಣ ಇರುತ್ತಿತ್ತು. 2018ರ 'ಅನೀಮಿಯಾ ಮುಕ್ತ ಭಾರತ' ಬಂದ ಮೇಲೆ ಅದನ್ನು 60ಕ್ಕೆ ಇಳಿಸಿದರು. ಜೊತೆಗೆ ವರ್ಷಕ್ಕೆರಡು ಸಲ ಜಂತುಹುಳುವಿಗೆ 400 ಮಿಲಿಗ್ರಾಮಿನ ಆಲ್ಬೆಂಡಜೋಲ್. ಕಾಗದದ ಮೇಲೆ ಎಲ್ಲವೂ ಸರಿ.

ತರಗತಿಯಲ್ಲಿ ಆಗುವುದು ಬೇರೆ. ಬೆಳಿಗ್ಗೆ ಏನೂ ತಿನ್ನದೆ ಬಂದ ಹುಡುಗಿಯ ಕೈಗೆ ಪ್ರಾರ್ಥನೆ ಮುಗಿಯುತ್ತಲೇ ಮಾತ್ರೆ ಕೊಟ್ಟರೆ ಅರ್ಧ ತಾಸಿನಲ್ಲಿ ಹೊಟ್ಟೆ ತೊಳೆಸುತ್ತದೆ. ಒಬ್ಬಳು ವಾಂತಿ ಮಾಡಿದರೆ ಪಕ್ಕದವಳಿಗೂ ಹೊಟ್ಟೆ ಹಿಡಿದುಕೊಳ್ಳುತ್ತದೆ. ಸಂಜೆಯೊಳಗೆ 'ಮಾತ್ರೆ ತಿಂದು ಮಕ್ಕಳು ಅಸ್ವಸ್ಥ' ಎಂಬ ಸುದ್ದಿ ಊರೆಲ್ಲ ಹಬ್ಬಿ, ಮರುವಾರ ಪೋಷಕರು ಬೇಡವೆನ್ನುತ್ತಾರೆ. ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಅದು ಸಹಜ ಎಂದು ಯಾರೂ ಮುಂಚೆ ಹೇಳಿರದ ಕಾರಣ ಮನೆಯಲ್ಲಿ ಗಾಬರಿಯಾಗಿ ಮಿಕ್ಕ ಮಾತ್ರೆಗಳು ಹಿತ್ತಲು ಸೇರುತ್ತವೆ. ಹಾಲಿನ ಜೊತೆಗೆ ಕೊಟ್ಟರೂ ಪ್ರಯೋಜನ ಕಡಿಮೆ; ಹಾಲಿನ ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. 'ಕ್ಷೀರಭಾಗ್ಯ'ದ ಹಾಲು ಕೊಡುವುದೂ ಬೆಳಗಿನ ಹೊತ್ತೇ. ಚಹಾದ ಒಗರು ಇನ್ನೂ ಕೆಟ್ಟದ್ದು, ಕಬ್ಬಿಣವನ್ನು ಕಟ್ಟಿಹಾಕಿಬಿಡುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳ ಬೆಳಗಿನ ತಿಂಡಿ ಎಂದರೆ ಚಹಾದಲ್ಲಿ ಅದ್ದಿದ ಬನ್ನೋ ಖಾರಿಯೋ.

ಮಾಡಬೇಕಾದದ್ದು ಇಷ್ಟೇ. ಬಿಸಿಯೂಟ ಮುಗಿದ ಮೇಲೆ, ಕೈ ತೊಳೆದು ಬಂದು ಸಾಲಾಗಿ ಕೂತಾಗ, ಟೀಚರು ಮೊದಲು ತಾವೊಂದು ನುಂಗಿ, ಆಮೇಲೆ ಮಕ್ಕಳಿಗೆ ಕೊಟ್ಟು ತಮ್ಮೆದುರೇ ನುಂಗಿಸುವುದು. ಅಂದಿನ ಸಾರಿಗೋ ಚಿತ್ರಾನ್ನಕ್ಕೋ ನಿಂಬೆಹಣ್ಣು ಹಿಂಡಿದ್ದರೆ ಇನ್ನೂ ಒಳ್ಳೆಯದು, ಹುಳಿಯ ಸಿ ಜೀವಸತ್ವ ಕಬ್ಬಿಣವನ್ನು ಎಳೆದುಕೊಳ್ಳಲು ನೆರವಾಗುತ್ತದೆ. ನೆಲ್ಲಿಕಾಯಿಯ ಕಾಲದಲ್ಲಿ ಆ ಚಿಂತೆಯೂ ಇಲ್ಲ. ಮಲ ಕಪ್ಪಾಗುತ್ತದೆ ಎಂಬ ಮಾತನ್ನು ತಾಯಂದಿರ ಸಭೆಯಲ್ಲಿ ಆಶಾ ಕಾರ್ಯಕರ್ತೆ ನಾಚಿಕೆಪಡದೆ ಹೇಳಿಬಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯಿತು. ಯಾವ ಶಾಲೆಯಲ್ಲಿ ಮಾತ್ರೆ ಎರಡು ತಿಂಗಳಿಂದ ಬಂದಿಲ್ಲ, ಎಲ್ಲಿ ಖಾಲಿಹೊಟ್ಟೆಗೆ ಕೊಡುತ್ತಿದ್ದಾರೆ ಎಂಬುದು ಜಿಲ್ಲೆಯ ಡ್ಯಾಶ್‌ಬೋರ್ಡಿನಲ್ಲಿ ಕಾಣುವುದಿಲ್ಲ. ಏಳನೇ ತರಗತಿಯ ಹುಡುಗನನ್ನು ಕೇಳಿದರೆ ಎರಡು ನಿಮಿಷದಲ್ಲಿ ಹೇಳುತ್ತಾನೆ.

ಊಟದ ವಿಷಯದಲ್ಲಿ ಮಕ್ಕಳ ಮಾತು ಎಷ್ಟು ದೂರ ಹೋಗಬಲ್ಲದು ಎಂಬುದನ್ನು ನಾವು ಒಮ್ಮೆ ಕಂಡಿದ್ದೇವೆ. 2002ರಲ್ಲಿ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾದ 'ಅಕ್ಷರ ದಾಸೋಹ'ದ ಊಟಕ್ಕೆ, 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಸೇರಿತು. ಮಠಾಧೀಶರಲ್ಲಿ ಕೆಲವರು ವಿರೋಧಿಸಿದರು, ಟೀವಿಯಲ್ಲಿ ದೊಡ್ಡವರ ವಾಗ್ವಾದ ನಡೆಯಿತು. ಆಗ ಕೊಪ್ಪಳ ಜಿಲ್ಲೆಯ ಗಂಗಾವತಿಯ ಶಾಲಾ ಹುಡುಗಿಯರು ನಮಗೆ ಮೊಟ್ಟೆ ಬೇಕೇ ಬೇಕೆಂದು ಆಡಿದ ಖಡಕ್ ಮಾತಿನ ವಿಡಿಯೊ ರಾಜ್ಯವೆಲ್ಲ ಹರಿದಾಡಿತು. ಮರುವರ್ಷ ಮೊಟ್ಟೆ ಎಲ್ಲ ಜಿಲ್ಲೆಗಳಿಗೂ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಲ್ಲಿ ವಾರಕ್ಕೆ ಆರು ದಿನವೂ ಕೊಡುವಂತಾಯಿತು. ತಿನ್ನದವರಿಗೆ ಬಾಳೆಹಣ್ಣು. ಹುಡುಗಿಯರ ಮಾತೊಂದರಿಂದಲೇ ಇಷ್ಟೆಲ್ಲ ಆಯಿತೆಂದು ನಾನು ಹೇಳುತ್ತಿಲ್ಲ. ತಿನ್ನುವವರನ್ನು ಬಿಟ್ಟು ಮಿಕ್ಕವರೆಲ್ಲ ಮಾತಾಡುತ್ತಿದ್ದ ಚರ್ಚೆಗೆ ಅವರು ದಾರಿ ತೋರಿಸಿದರು ಎಂದಷ್ಟೇ.

ಸುರಕ್ಷತೆಯ ಮಾತಿಗೆ ಬಂದರೆ ಪ್ರತಿ ಸೀಮೆಯ ಭಯವೂ ಬೇರೆ. ಮಲೆನಾಡು, ಕರಾವಳಿಯಲ್ಲಿ ಅದು ಕಾಲುಸಂಕ. ಅಡಿಕೆ ಮರದ ದಬ್ಬೆಯೋ ನಾಲ್ಕು ಮರದ ದಿಮ್ಮಿಯೋ ಹಳ್ಳದ ಮೇಲೆ ಹಾಸಿ, ಒಂದು ಬದಿಗೆ ಬಿದಿರಿನ ಕೈಹಿಡಿ ಕಟ್ಟಿದ ಸೇತುವೆ. ಜೂನ್ ಬಂದರೆ ಅದರ ಮೇಲೆ ಪಾಚಿ ಕಟ್ಟುತ್ತದೆ, ಕೆಳಗೆ ಕೆಂಪು ನೀರು ಉಕ್ಕುತ್ತದೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ಕೊಚ್ಚಿಹೋದಳು. ಅದಾದ ಮೇಲೆ ಕಾಲುಸಂಕಗಳ ಪಟ್ಟಿ ಮಾಡಿ, ಸೇತುವೆ ಮಾಡಿಕೊಡುವ ಮಾತು ಜೋರಾಯಿತು. ಶಾಲೆಗೆ ಹೋಗುವ ಯಾವ ಮಗು ಯಾವ ಸಂಕ ದಾಟುತ್ತದೆ ಎಂಬ ಪಟ್ಟಿ ಆ ಭಾಗದ ಮಕ್ಕಳ ಬಾಯಲ್ಲೇ ಇರುತ್ತದೆ. ಅದನ್ನು ಬರೆದುಕೊಳ್ಳಲು ಒಂದು ಸಾವು ಬೇಕಾಗಬಾರದಿತ್ತು.

ಬಯಲುಸೀಮೆಯಲ್ಲಿ ಭಯ ತಿರುಗುಮುರುಗು. ನೀರಿಲ್ಲದ ನಾಡಿನಲ್ಲಿ ಮಕ್ಕಳು ನೀರಿಗೆ ಬಿದ್ದು ಸಾಯುತ್ತಾರೆ. 2014ರಲ್ಲಿ 'ಕೃಷಿ ಭಾಗ್ಯ' ಬಂದ ಮೇಲೆ ಮಳೆಯಾಶ್ರಿತ ತಾಲ್ಲೂಕುಗಳಲ್ಲಿ ಸಾವಿರಾರು ಕೃಷಿ ಹೊಂಡಗಳಾದವು. ಬೆಳೆಗೆ ಅವು ವರವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಂಡದ ರಚನೆಯನ್ನೊಮ್ಮೆ ಹತ್ತಿರದಿಂದ ನೋಡಬೇಕು. ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ನೀರು ಇಂಗದಂತೆ ಹಾಸಿದ ದಪ್ಪ ಪಾಲಿಥಿನ್ ಹಾಳೆ. ಹಾಳೆ ಒದ್ದೆಯಾಗಿ ಲೋಳೆ ಕಟ್ಟಿದ ಮೇಲೆ ಅದರಲ್ಲಿ ಕಾಲು ನಿಲ್ಲುವುದಿಲ್ಲ, ಕೈಗೆ ಹಿಡಿತ ಸಿಗುವುದಿಲ್ಲ. ಈಜು ಬಲ್ಲ ಹುಡುಗನೂ ದಡಕ್ಕೆ ಬಂದು, ಹತ್ತಲು ಹೋಗಿ, ಜಾರಿ, ಮತ್ತೆ ಹತ್ತಲು ಹೋಗಿ ದಣಿಯುತ್ತಾನೆ. ಅವನನ್ನು ಎಳೆಯಲು ಕೈಕೊಟ್ಟ ಅಣ್ಣನೋ ಗೆಳೆಯನೋ ಅದೇ ಹಾಳೆಯ ಮೇಲೆ ಜಾರುತ್ತಾನೆ. ಬೇಸಿಗೆ ರಜೆಯ ಪತ್ರಿಕೆಗಳಲ್ಲಿ ಒಂದೇ ಮನೆಯ ಇಬ್ಬರು, ಮೂವರು ಎಂದು ಬರುವ ಸುದ್ದಿಗಳ ಹಿಂದೆ ಎಷ್ಟೋ ಸಲ ಇರುವುದು ಇದೇ.

ಹೊಂಡದ ಸುತ್ತ ತಂತಿಬೇಲಿ ಹಾಕಲು ಸಹಾಯಧನವಿದೆ. ಬೇಲಿ ಇಲ್ಲದ ಹೊಂಡ ಯಾರ ಹೊಲದಲ್ಲಿದೆ ಎಂದು ಪಟ್ಟಿ ಮಾಡುವುದು ಪಂಚಾಯಿತಿಗೆ ಒಂದು ವಾರದ ಕೆಲಸ. ಬೇಲಿ ಆಗುವ ತನಕ ಇನ್ನೂ ಅಗ್ಗದ ದಾರಿ ಇದೆ: ದಡದಲ್ಲಿ ಗೂಟ ಹೊಡೆದು, ಗಂಟುಗಳಿರುವ ಹಗ್ಗವೊಂದನ್ನು ನೀರಿನ ತನಕ ಇಳಿಬಿಡುವುದು, ತುದಿಗೆ ಹಳೆಯ ಟಯರು ಕಟ್ಟುವುದು. ಮಕ್ಕಳಿಗೆ ಕಲಿಸಬೇಕಾದದ್ದೂ ಒಂದಿದೆ. ಮುಳುಗುತ್ತಿರುವವನ ಹಿಂದೆ ನೀರಿಗೆ ಹಾರಬಾರದು. ಹಗ್ಗ, ಸೀರೆ, ಉದ್ದನೆಯ ಕೋಲು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆದು ಕೂಗು ಹಾಕಬೇಕು. ಹಿಂದೆ ಊರ ಬಾವಿಯಲ್ಲಿ ಸೋರೆಬುರುಡೆ ಕಟ್ಟಿ ಈಜು ಕಲಿಸುತ್ತಿದ್ದ ಮಾವಂದಿರು ಇದನ್ನೂ ಹೇಳಿಕೊಡುತ್ತಿದ್ದರು. ಬಾವಿಗಳು ಬತ್ತಿದವು, ಕಲಿಸುವ ಮಾವಂದಿರು ಊರು ಬಿಟ್ಟರು, ಹೊಂಡಗಳು ಮಾತ್ರ ಬಂದವು.

ಬಸ್ಸಿನ ಮಾತು ಚಿಕ್ಕದು. 2006-07ರಿಂದ ಎಂಟನೇ ತರಗತಿಯವರಿಗೆ ಕೊಡುತ್ತಿದ್ದ ಸೈಕಲ್ಲು ನಿಂತು ವರ್ಷಗಳಾದವು. 2023ರ ಜೂನ್‌ನಲ್ಲಿ 'ಶಕ್ತಿ' ಬಂದು ಹುಡುಗಿಯರಿಗೆ ಟಿಕೆಟ್ಟಿನ ಚಿಂತೆ ತಪ್ಪಿತು. ಆದರೆ ಕಾಲೇಜು ಬಿಡುವುದು ನಾಲ್ಕಕ್ಕೆ, ಊರಿನ ಬಸ್ಸು ಆರೂವರೆಗೆ ಎಂದಾದರೆ ಆ ಎರಡೂವರೆ ತಾಸು ಹುಡುಗಿ ಎಲ್ಲಿರಬೇಕು? ಹದಿನೇಳರ ಮಗಳನ್ನು ಕಾಲೇಜು ಬಿಡಿಸುವ ಅಪ್ಪ ಕೊಡುವ ಕಾರಣ ಬಹಳ ಸಲ ಇದೊಂದೇ. ಡಿಪೊ ಮ್ಯಾನೇಜರಿಗೆ ಪಂಚಾಯಿತಿಯ ಠರಾವು ಹೋದರೆ ವೇಳಾಪಟ್ಟಿ ಹಿಂದೆ ಮುಂದೆ ಆಗುವುದು ಅಸಾಧ್ಯವೇನಲ್ಲ.

ಎಲ್ಲ ಮಾತನ್ನೂ ಮೈಕಿನಲ್ಲಿ ಆಡಲು ಬರುವುದಿಲ್ಲ. ಇದನ್ನು ಮಕ್ಕಳ ಗ್ರಾಮ ಸಭೆಯ ಅಭಿಮಾನಿಗಳೇ ಮರೆಯುತ್ತಾರೆ. 'ನಮ್ಮ ಕ್ಲಾಸಿನವಳಿಗೆ ಮುಂದಿನ ತಿಂಗಳು ಮದುವೆ' ಎಂಬುದು ಮೊದಲು ಗೊತ್ತಾಗುವುದು ಗೆಳತಿಯರಿಗೆ. ಸೀರೆ ತಂದದ್ದು, ದೂರದ ದೇವಸ್ಥಾನದಲ್ಲಿ ರಾತ್ರಿ ಹೊತ್ತು ತಾಳಿ ಕಟ್ಟಿಸುವ ಯೋಚನೆ, ಎಲ್ಲವೂ ಅವರಿಗೆ ತಿಳಿದಿರುತ್ತದೆ. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಹಿಂದಿನ ಸುತ್ತಿಗಿಂತ ಇದು ಇಳಿದಿಲ್ಲವೆಂದೇ ಹೇಳಬೇಕು. ಕಾನೂನು ಗಟ್ಟಿಯಾಗಿದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಿದ್ದುಪಡಿ ತಂದು, 2017ರಿಂದ ಇಂಥ ಮದುವೆ ಮೂಲತಃ ಅಸಿಂಧು ಎಂದಿದೆ. ಪಿಡಿಒ, ಮುಖ್ಯ ಶಿಕ್ಷಕರು ಸೇರಿ ಹಲವರು ಬಾಲ್ಯವಿವಾಹ ನಿಷೇಧಾಧಿಕಾರಿಗಳು. ಆದರೆ ತುಂಬಿದ ಸಭೆಯಲ್ಲಿ ಗೆಳತಿಯ ಹೆಸರೆತ್ತಿದ ಹುಡುಗಿ ಸಂಜೆ ಅದೇ ಓಣಿಯಲ್ಲಿ ನಡೆದು ಮನೆಗೆ ಹೋಗಬೇಕಲ್ಲ?

ಇದಕ್ಕೇ 1098 ಇರುವುದು. 1996ರಲ್ಲಿ ಮುಂಬೈಯಲ್ಲಿ ಶುರುವಾದ ಮಕ್ಕಳ ಸಹಾಯವಾಣಿ ಈಗ ಸರ್ಕಾರದ ಕೈಯಲ್ಲಿದೆ, 112ರ ಜೊತೆ ಜೋಡಿಸಿದ್ದಾರೆ. ಕರೆ ಮಾಡಿದವರ ಹೆಸರು ಗುಟ್ಟಾಗಿರುತ್ತದೆ. ಮೈಮುಟ್ಟಿ ಪೀಡಿಸುವವರ ವಿಷಯವೂ ಹಾಗೆಯೇ. 2012ರ ಪೋಕ್ಸೊ ಕಾಯ್ದೆಯಡಿ ಇಂಥ ಸಂಗತಿ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು, ಶಾಲೆಯ ಹೆಸರು ಕೆಡುತ್ತದೆಂದು ಮುಚ್ಚಿಟ್ಟರೆ ಅದೇ ಅಪರಾಧ. ಸಭೆಯಲ್ಲಿ ಮಾಡಬೇಕಾದದ್ದು ಆ ಮಾತನ್ನು ಬಾಯಿಬಿಡಿಸುವುದಲ್ಲ. ಯಾರ ಹತ್ತಿರ ಹೋದರೆ ಗುಟ್ಟು ಉಳಿಯುತ್ತದೆ ಎಂದು ಮಕ್ಕಳಿಗೆ ತಿಳಿಸಿ, ಸಲಹಾ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇರಬೇಕೆಂದು ಅವರನ್ನೇ ಕೇಳುವುದು. ಪೆಟ್ಟಿಗೆಯ ಕೀಲಿಕೈ ಅದೇ ಶಾಲೆಯ ಮುಖ್ಯಸ್ಥರ ಜೇಬಿನಲ್ಲಿದ್ದರೆ ಆ ಪೆಟ್ಟಿಗೆಗೆ ಚೀಟಿ ಬೀಳುವುದಿಲ್ಲ, ಮಕ್ಕಳು ಅಷ್ಟು ದಡ್ಡರಲ್ಲ.

ಮನಸ್ಸಿನ ಕಾಯಿಲೆಯ ಮಾತೂ ಮೈಕಿಗೆ ಬರುವುದಿಲ್ಲ. ಊರಲ್ಲಿ 'ತಲೆ ಕೆಟ್ಟಿದೆ' ಎಂಬ ಒಂದೇ ಮಾತಿನಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ವಿಚಿತ್ರವೆಂದರೆ ಆಸ್ಪತ್ರೆಯಿಂದ ಮನೋವೈದ್ಯವನ್ನು ಹಳ್ಳಿಗೆ ತರುವ ಪ್ರಯೋಗ ದೇಶದಲ್ಲಿ ಇಡೀ ಜಿಲ್ಲೆಯ ಮಟ್ಟದಲ್ಲಿ ಮೊದಲು ಯಶಸ್ಸು ಕಂಡದ್ದು ನಮ್ಮಲ್ಲೇ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೇ ತರಬೇತಿ ಕೊಟ್ಟು ನಡೆಸಿದ ಕೆಲಸವೇ ಮುಂದೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು. ಯುವಜನರ ಮಟ್ಟಿಗೆ ನನಗೆ ಇನ್ನೂ ಇಷ್ಟವಾದದ್ದು 'ಯುವ ಸ್ಪಂದನ'. ನಿಮ್ಹಾನ್ಸ್ ಮತ್ತು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಸೇರಿ ನಡೆಸುವ ಈ ಕೇಂದ್ರಗಳು ಇರುವುದು ಜಿಲ್ಲಾ ಕ್ರೀಡಾಂಗಣಗಳಲ್ಲಿ. ಕೂತು ಮಾತು ಕೇಳುವವರು ತರಬೇತಿ ಪಡೆದ ಯುವಕ ಯುವತಿಯರು. ಸ್ಟೇಡಿಯಮ್ಮಿಗೆ ಹೋದ ಹುಡುಗನನ್ನು ಯಾರೂ ಎಲ್ಲಿಗೆ ಹೋಗಿದ್ದೆ ಎಂದು ಹುಬ್ಬೇರಿಸಿ ಕೇಳುವುದಿಲ್ಲ. ಜಾಗ ಆರಿಸಿದವರಿಗೆ ಹುಡುಗರ ಮನಸ್ಸು ಗೊತ್ತಿತ್ತು. ಅಷ್ಟು ದೂರ ಹೋಗಲಾರದವರಿಗೆ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾದ 'ಟೆಲಿ ಮಾನಸ್' ದಿನದ ಎಲ್ಲ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡುತ್ತದೆ, ದುಡ್ಡಿಲ್ಲ. ಎಸ್ಸೆಸ್ಸೆಲ್ಸಿ, ಪಿಯು ಫಲಿತಾಂಶದ ವಾರದಲ್ಲಿ ಈ ನಂಬರು ಪ್ರತಿ ಶಾಲೆಯ ಗೋಡೆಯ ಮೇಲೆ, ಪ್ರತಿ ಮನೆಯ ವಾಟ್ಸ್‌ಆ್ಯಪ್ಪಿನಲ್ಲಿ ಇರಬೇಕು. 2023-24ರಲ್ಲಿ 'ಸಪ್ಲಿಮೆಂಟರಿ' ಎಂಬ ಹಣೆಪಟ್ಟಿ ತೆಗೆದು ಪರೀಕ್ಷೆ ಒಂದು, ಎರಡು, ಮೂರು ಎಂದು ಮಾಡಿದ್ದಕ್ಕೆ ಶಿಕ್ಷಕರಲ್ಲಿ ಹಲವರು ಇನ್ನೂ ಗೊಣಗುತ್ತಾರೆ. ಮೌಲ್ಯಮಾಪನದ ಹೊರೆಯ ಬಗ್ಗೆ ಅವರ ಗೊಣಗಾಟದಲ್ಲಿ ಹುರುಳಿದೆ. ಆದರೂ ಫೇಲಾದ ರಾತ್ರಿ ಇನ್ನೊಂದು ತಾರೀಖು ಕಣ್ಣೆದುರಿಗೆ ಇರುವುದು ಹದಿನಾರರ ಮಕ್ಕಳಿಗೆ ಸಣ್ಣ ಆಸರೆಯಲ್ಲ.

ಇಷ್ಟು ಹೊತ್ತು ಹುಡುಗಿಯರ ಮಾತೇ ಹೆಚ್ಚಾಯಿತು. ಸಭೆಗಳಲ್ಲೂ ಹಾಗೆಯೇ ಆಗುತ್ತದೆ, ಹುಡುಗಿಯರು ಕೇಳುತ್ತಾರೆ, ಹುಡುಗರು ಹಿಂದೆ ಕೂತು ಕಿಸಕ್ಕನೆ ನಗುತ್ತಾರೆ. ಅವರ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ: ಗುಟ್ಕಾ, ಅಪ್ಪನ ಬೈಕು, ಆನ್‌ಲೈನ್ ಜೂಜು. ಅಪ್ರಾಪ್ತನ ಕೈಗೆ ಗಾಡಿ ಕೊಟ್ಟ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದ ತನಕ ಜೈಲು ಎಂದು 2019ರ ತಿದ್ದುಪಡಿ ಹೇಳುತ್ತದೆ. ತಂಬಾಕು ಕೊಳ್ಳುವ ವಯಸ್ಸನ್ನು ಕರ್ನಾಟಕ 21ಕ್ಕೆ ಏರಿಸಿದೆ. ಶಾಲೆಯ ಗೇಟಿನೆದುರೇ ಗುಟ್ಕಾ ಮಾಲೆ ತೂಗುಹಾಕಿದ ಅಂಗಡಿಗೆ ಪರವಾನಗಿ ಕೊಡುವುದು ಯಾರು? ಪಂಚಾಯಿತಿಯೇ. ಹುಡುಗರಿಗೆ ಬೈದು ಪ್ರಯೋಜನವಿಲ್ಲ, ಅವರಿಗೆ ಸಂಜೆ ಐದರಿಂದ ಎಂಟರ ತನಕ ಇರಲು ಒಂದು ಜಾಗ ಬೇಕು. ವಾಲಿಬಾಲ್ ನೆಟ್ಟು, ಒಂದು ಫ್ಲಡ್‌ಲೈಟು, ಪಕ್ಕದಲ್ಲೇ ತೆರೆದಿರುವ ಅರಿವು ಕೇಂದ್ರ, ಅಂದರೆ ಪಂಚಾಯಿತಿಯ ಗ್ರಂಥಾಲಯ. ಹಳ್ಳಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ, 2020ರ 'ಓದುವ ಬೆಳಕು' ಅಭಿಯಾನದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟ ಮೇಲೆ ಎಷ್ಟೋ ಕಡೆ ಬಣ್ಣ, ಕಂಪ್ಯೂಟರು, ಚೆಸ್ ಬೋರ್ಡು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಕಂಡಿವೆ. ಹುಡುಗರು ಮನೆಗೆ ಹಿಂದಿರುಗುವ ಹೊತ್ತಿಗೆ ಅವುಗಳಿಗೆ ಬೀಗ ಬಿದ್ದಿರುತ್ತದೆ ಎಂಬುದೊಂದು ಮಾತ್ರ ಸರಿಯಾಗಬೇಕು.

ಕೊನೆಗೆ ಸಭೆಗೆ ಬರದೇ ಇರುವವರು. ಮಕ್ಕಳ ಗ್ರಾಮ ಸಭೆ ನಡೆಯುವುದು ಶಾಲೆಯ ಅಂಗಳದಲ್ಲಿ, ಶಾಲೆಯ ವೇಳೆಯಲ್ಲಿ. ಹದಿನೆಂಟು ತುಂಬುವ ತನಕ ಎಲ್ಲರೂ ಮಕ್ಕಳೇ ಎಂದು ಕಾನೂನು ಹೇಳಿದರೂ ಅಲ್ಲಿ ಕೂತವರಲ್ಲಿ ಹತ್ತನೇ ತರಗತಿ ದಾಟಿದವರು ವಿರಳ. ತಾಲ್ಲೂಕಿನ ಕಾಲೇಜಿಗೆ ಹೋಗುವ ಹದಿನೇಳರ ಹುಡುಗಿ ಆ ಹೊತ್ತಿಗೆ ಬಸ್ಸಿನಲ್ಲಿ ಇರುತ್ತಾಳೆ. ಶಾಲೆ ಬಿಟ್ಟು ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವನನ್ನು ಯಾರೂ ಕರೆಯುವುದಿಲ್ಲ. ಯಾದಗಿರಿ, ಕಲಬುರಗಿಯಿಂದ ಅಪ್ಪ ಅಮ್ಮನ ಜೊತೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ ಮಕ್ಕಳು, ದೀಪಾವಳಿ ಮುಗಿಸಿ ಕಬ್ಬು ಕಡಿಯಲು ಹೊರಟ ಕುಟುಂಬದ ಮಕ್ಕಳು ನವೆಂಬರ್‌ನಿಂದ ಜನವರಿಯ ಸಭೆಗೆ ಸಿಗುವುದೇ ಇಲ್ಲ. ಸಭೆಯ ತಿಂಗಳೂ ಅವರು ಊರು ಬಿಡುವ ತಿಂಗಳೂ ಒಂದೇ. ಇವರಿಗಾಗಿ ಯುಗಾದಿಯ ಹೊತ್ತಿಗೆ, ಊರು ತುಂಬಿರುವಾಗ, ಅರಿವು ಕೇಂದ್ರದ ಮುಂದೆ ಸಂಜೆ ಏಳಕ್ಕೆ ಇನ್ನೊಂದು ಸಭೆ ಕರೆದರೆ ಯಾವ ಸುತ್ತೋಲೆಯೂ ಅಡ್ಡ ಬರುವುದಿಲ್ಲ. ವರ್ಷಕ್ಕೊಮ್ಮೆಯಾದರೂ ನಡೆಸಬೇಕು ಎಂದಷ್ಟೇ ಸರ್ಕಾರ ಹೇಳಿರುವುದು, ಒಮ್ಮೆ ಮಾತ್ರ ಎಂದು ಹೇಳಿಲ್ಲ.